ನೂರಿಪ್ಪತ್ತು ವರ್ಷ ಹಿಂದಿನ ಆಸ್ಟ್ರೇಲಿಯಾ ಶಾಸಕರ ವಿವರ ಹುಡುಕುವುದು ಹೇಗೆ?

“ಇವರು 1905ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಎಂ.ಪಿ. ಆಗಿದ್ದರಂತೆ. ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?” ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯುವವರಿದ್ದಾರೆ, ಇತಿಹಾಸದ ವಿದ್ಯಾರ್ಥಿಗಳಿದ್ದಾರೆ. ಅಡಿಲೇಡ್, ಪರ್ತ್ ಕಡೆ ನೆಲೆಸಿ, ತಮ್ಮ ಬೀದಿಗಿಟ್ಟ ಹೆಸರು ಯಾರದ್ದು ಎಂದು ಕುತೂಹಲಪಡುವವರೂ ಇದ್ದಾರೆ.

ಬೇಕಾದ ದಾಖಲೆಗಳಲ್ಲಿ ಬಹುಪಾಲು ಇಂದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಬೆಂಗಳೂರಿನಲ್ಲಿ ಕೂತೇ ನೋಡಬಹುದು. ತೊಂದರೆ ದಾಖಲೆಯದ್ದಲ್ಲ, ಹುಡುಕುವ ಕ್ರಮದ್ದು. ಹೆಚ್ಚಿನವರು ಹೆಸರು ಟೈಪಿಸಿ ಹುಡುಕುತ್ತಾರೆ, ಅದೇ ಹೆಸರಿನ ಇನ್ನೊಬ್ಬನ ಜೀವನ ಚರಿತ್ರೆ ಬರೆದುಬಿಡುತ್ತಾರೆ. ಮೊದಲು ಸದನ, ಕ್ಷೇತ್ರ, ತಾರೀಖು ಈ ಮೂರನ್ನು ಖಚಿತಮಾಡಿಕೊಳ್ಳಿ. ಹೆಸರಿನ ಹುಡುಕಾಟ ಆಮೇಲೆ.

ಉದಾಹರಣೆಗೆ ಒಬ್ಬರನ್ನೇ ಇಟ್ಟುಕೊಂಡು ಹೋಗೋಣ: ದಕ್ಷಿಣ ಆಸ್ಟ್ರೇಲಿಯಾದ ಥಾಮಸ್ ಪ್ರೈಸ್. ವೇಲ್ಸ್‌ನ ಬ್ರಿಂಬೊದಲ್ಲಿ 1852ರಲ್ಲಿ ಹುಟ್ಟಿದವರು, ಕಸುಬಿನಿಂದ ಕಲ್ಲುಕುಟಿಗ. 1883ರಲ್ಲಿ ಅಡಿಲೇಡ್‌ಗೆ ಬಂದು, ಅಲ್ಲಿನ ಪಾರ್ಲಿಮೆಂಟ್ ಕಟ್ಟಡಕ್ಕೆ ಕಲ್ಲು ಕೆತ್ತಿ, ಮುಂದೆ ಅದೇ ಕಟ್ಟಡದಲ್ಲಿ ಮುಖ್ಯಮಂತ್ರಿಯಾಗಿ ಕೂತವರು.

ಮೊದಲು ಸಿದ್ಧಮಾಡಿಕೊಳ್ಳಬೇಕಾದ್ದು

ಕಂಪ್ಯೂಟರ್ ಇರಲಿ. ಹಳೆಯ ಪತ್ರಿಕೆಯ ಪುಟವನ್ನು ಮೊಬೈಲಿನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ಒಂದು ಸ್ಪ್ರೆಡ್‌ಶೀಟ್ ತೆರೆದು ಐದು ಅಂಕಣ ಹಾಕಿ: ತಾರೀಖು, ಸದನ, ಕ್ಷೇತ್ರ, ಪಕ್ಷ ಅಥವಾ ಹುದ್ದೆ, ಈ ಮಾಹಿತಿ ಎಲ್ಲಿ ಸಿಕ್ಕಿತು. ಐದನೆಯ ಅಂಕಣವನ್ನು ಖಾಲಿ ಬಿಡಬೇಡಿ. ಎರಡು ಮೂಲಗಳು ಬೇರೆ ಬೇರೆ ತಾರೀಖು ಹೇಳಿದರೆ ಎರಡನ್ನೂ ಎರಡು ಸಾಲಿನಲ್ಲಿ ಬರೆಯಿರಿ, ತೀರ್ಮಾನ ನಂತರ ಮಾಡಬಹುದು.

ಹಂತ 1: ರಾಜ್ಯದ ಪಾರ್ಲಿಮೆಂಟೋ, ಒಕ್ಕೂಟದ್ದೋ?

1901ರ ಜನವರಿ 1ರಂದು ಆರು ಬ್ರಿಟಿಷ್ ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಕ್ಕೂಟವಾಯಿತು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾ ಇವು ರಾಜ್ಯಗಳಾದವು. ಆರೂ ತಮ್ಮ ತಮ್ಮ ಪಾರ್ಲಿಮೆಂಟನ್ನು ಉಳಿಸಿಕೊಂಡವು, ಏಳನೆಯದಾಗಿ ಒಕ್ಕೂಟದ ಪಾರ್ಲಿಮೆಂಟ್ ಬಂತು. ನಮ್ಮಲ್ಲಿ ಎಂ.ಪಿ. ಅಂದರೆ ದೆಹಲಿಗೆ ಹೋದವರು. ಅಲ್ಲಿ ರಾಜ್ಯದ ಶಾಸಕರಿಗೂ ಎಂ.ಪಿ. ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಆದ್ದರಿಂದ ಎಂ.ಪಿ. ಎಂಬ ಎರಡಕ್ಷರ ನೋಡಿ ಏನನ್ನೂ ತೀರ್ಮಾನಿಸಬೇಡಿ. ಹುದ್ದೆಯ ಹೆಸರು ನೋಡಿ. ‘ಪ್ರೀಮಿಯರ್’ ಅಂದರೆ ರಾಜ್ಯದ ಮುಖ್ಯಮಂತ್ರಿ, ‘ಪ್ರೈಮ್ ಮಿನಿಸ್ಟರ್’ ಅಂದರೆ ಒಕ್ಕೂಟದ ಪ್ರಧಾನಿ.

ಇಲ್ಲಿ ಮುಗ್ಗರಿಸುವ ಜಾಗಗಳು ಮೂರು.

ಒಂದು, 1901ರ ಜಿಗಿತ. ಒಕ್ಕೂಟದ ಮೊದಲ ಚುನಾವಣೆ 1901ರ ಮಾರ್ಚ್ 29 ಮತ್ತು 30ರಂದು ನಡೆಯಿತು. ರಾಜ್ಯಗಳ ಘಟಾನುಘಟಿಗಳು ಅನೇಕರು ಸ್ಥಾನ ಬಿಟ್ಟು ಅತ್ತ ಹೋದರು. ಪಶ್ಚಿಮ ಆಸ್ಟ್ರೇಲಿಯಾದ ಜಾನ್ ಫಾರೆಸ್ಟ್ ರಾಜ್ಯದಲ್ಲಿ ಬನ್‌ಬರಿಯ ಸದಸ್ಯ, ಒಕ್ಕೂಟದಲ್ಲಿ ಸ್ವಾನ್‌ನ ಸದಸ್ಯ. ಕ್ರಿಸ್ ವಾಟ್ಸನ್ ನ್ಯೂ ಸೌತ್ ವೇಲ್ಸ್‌ನಲ್ಲಿ ‘ಯಂಗ್’ ಎಂಬ ಕ್ಷೇತ್ರದವರು, ಒಕ್ಕೂಟಕ್ಕೆ ‘ಬ್ಲಾಂಡ್’ನಿಂದ ಹೋದವರು. ಇಂಥವರಿಗೆ ನಿಮ್ಮ ಪಟ್ಟಿಯಲ್ಲಿ 1901ಕ್ಕೆ ಎರಡು ಸಾಲು ಬೇಕು. ಬಿಟ್ಟುಹೋದ ಸ್ಥಾನಗಳಿಗೆ ನಡೆದ ಉಪಚುನಾವಣೆಗಳಲ್ಲಿ ಗೆದ್ದವರು ಮುಖ್ಯ ಚುನಾವಣೆಯ ಪಟ್ಟಿಯಲ್ಲಿ ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಎರಡು, ಮೆಲ್ಬರ್ನ್ ಕಟ್ಟಡ. 1927ರ ವರೆಗೆ ಒಕ್ಕೂಟದ ಪಾರ್ಲಿಮೆಂಟ್ ನಡೆದದ್ದು ಮೆಲ್ಬರ್ನ್‌ನಲ್ಲಿ, ವಿಕ್ಟೋರಿಯಾ ರಾಜ್ಯದ ಪಾರ್ಲಿಮೆಂಟ್ ಭವನದಲ್ಲಿ. ಮನೆಯವರಾದ ವಿಕ್ಟೋರಿಯಾ ಶಾಸಕರು ಜಾಗ ಬಿಟ್ಟುಕೊಟ್ಟು ಎಕ್ಸಿಬಿಷನ್ ಕಟ್ಟಡದಲ್ಲಿ ಸಭೆ ನಡೆಸಿಕೊಂಡರು. ಹಾಗಾಗಿ 1910ರ ‘ಪಾರ್ಲಿಮೆಂಟ್ ಹೌಸ್, ಮೆಲ್ಬರ್ನ್’ ಎಂಬ ಫೋಟೊದಲ್ಲಿ ಒಳಗೆ ಕೂತಿರುವವರು ವಿಕ್ಟೋರಿಯಾ ಶಾಸಕರಲ್ಲ.

ಮೂರು, ಟಾಸ್ಮೇನಿಯಾ. 1909ರಿಂದ ಅಲ್ಲಿನ ಕೆಳಮನೆಗೆ ಐದೇ ಕ್ಷೇತ್ರ: ಬಾಸ್, ಡಾರ್ವಿನ್, ಡೆನಿಸನ್, ಫ್ರಾಂಕ್ಲಿನ್, ವಿಲ್ಮಟ್. ಒಂದೊಂದಕ್ಕೂ ಆರು ಜನ. ಒಕ್ಕೂಟದ ಕ್ಷೇತ್ರಗಳಿಗೂ ಇವೇ ಹೆಸರು! ‘ಡೆನಿಸನ್‌ನ ಸದಸ್ಯ’ ಅಂದರೆ ಒಂದೇ ಕಾಲಕ್ಕೆ ಏಳು ಜನ ಆಗಬಹುದು. ಇನ್ನು ಈ ಡಾರ್ವಿನ್ ಟಾಸ್ಮೇನಿಯಾದ ವಾಯವ್ಯ ಮೂಲೆಯದು, ಉತ್ತರದ ಡಾರ್ವಿನ್ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಂತ 2: ಕೆಳಮನೆಯೋ ಮೇಲ್ಮನೆಯೋ?

ಆರೂ ರಾಜ್ಯಗಳಲ್ಲಿ ಆಗ ಎರಡೆರಡು ಸದನ. ಕೆಳಮನೆ ನಾಲ್ಕು ರಾಜ್ಯಗಳಲ್ಲಿ ‘ಲೆಜಿಸ್ಲೇಟಿವ್ ಅಸೆಂಬ್ಲಿ’, ದಕ್ಷಿಣ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾದಲ್ಲಿ ‘ಹೌಸ್ ಆಫ್ ಅಸೆಂಬ್ಲಿ’. ಮೇಲ್ಮನೆ ಎಲ್ಲ ಕಡೆ ‘ಲೆಜಿಸ್ಲೇಟಿವ್ ಕೌನ್ಸಿಲ್’. ಹೆಸರಿನ ಮುಂದೆ ಎಂ.ಎಲ್.ಎ. ಅಥವಾ ಎಂ.ಎಚ್.ಎ. ಇದ್ದರೆ ಕೆಳಮನೆ, ಎಂ.ಎಲ್.ಸಿ. ಇದ್ದರೆ ಮೇಲ್ಮನೆ.

ಇದು ಯಾಕೆ ಮುಖ್ಯ ಅಂದರೆ, ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಮೇಲ್ಮನೆ ಸದಸ್ಯರು ಚುನಾವಣೆಗೆ ನಿಂತವರೇ ಅಲ್ಲ. ಸರ್ಕಾರದ ಸಲಹೆಯಂತೆ ಗವರ್ನರ್ ಅವರನ್ನು ಜೀವಾವಧಿಗೆ ನೇಮಿಸುತ್ತಿದ್ದರು. ಅಂಥವರ ಮತಸಂಖ್ಯೆ ಹುಡುಕಿ ದಿನ ಕಳೆಯಬೇಡಿ, ನೇಮಕದ ಗೆಜೆಟ್ ಪ್ರಕಟಣೆ ಹುಡುಕಿ. ಕ್ವೀನ್ಸ್‌ಲ್ಯಾಂಡ್ ಮೇಲ್ಮನೆ 1922ರಲ್ಲಿ ರದ್ದಾಯಿತು. ಹಾಗಾಗಿ ಬಹಳ ಸದಸ್ಯರ ಅವಧಿ ಆ ವರ್ಷ ಒಂದೇ ದಿನ ಮುಗಿಯುತ್ತದೆ. ಅದನ್ನು ಸಾವಿನ ತಾರೀಖು ಎಂದು ತಿಳಿದು ಬರೆದ ಉದಾಹರಣೆಗಳಿವೆ. ಉಳಿದ ನಾಲ್ಕು ರಾಜ್ಯಗಳಲ್ಲಿ ಮೇಲ್ಮನೆಗೆ ಚುನಾವಣೆ ಇತ್ತು, ಆದರೆ ಮತ ಹಾಕಲು ಆಸ್ತಿಯ ಅರ್ಹತೆ ಬೇಕಿತ್ತು.

ಹಂತ 3: ಪಾರ್ಲಿಮೆಂಟಿನ ಅಧಿಕೃತ ಪಟ್ಟಿಯಿಂದ ಬೆನ್ನೆಲುಬು ಕಟ್ಟಿ

ಪ್ರತಿ ರಾಜ್ಯದ ಪಾರ್ಲಿಮೆಂಟ್ ತನ್ನ ಮಾಜಿ ಸದಸ್ಯರ ಪಟ್ಟಿ ಇಟ್ಟಿದೆ. ವಿಕ್ಟೋರಿಯಾದಲ್ಲಿ ಅದರ ಹೆಸರು ‘ರೀ-ಮೆಂಬರ್’, ಕ್ವೀನ್ಸ್‌ಲ್ಯಾಂಡ್‌ನಲ್ಲಿ ‘ಫಾರ್ಮರ್ ಮೆಂಬರ್ಸ್ ರಿಜಿಸ್ಟರ್’. ರಾಜ್ಯದ ಹೆಸರಿನ ಜೊತೆ ‘ಪಾರ್ಲಿಮೆಂಟ್’, ‘ಫಾರ್ಮರ್ ಮೆಂಬರ್ಸ್’ ಎಂದು ಹಾಕಿದರೆ ಉಳಿದವೂ ಸಿಗುತ್ತವೆ. ಇಲ್ಲಿಂದ ಸದನ, ಕ್ಷೇತ್ರ, ಆರಂಭ, ಅಂತ್ಯ ಇವಿಷ್ಟನ್ನು ಮೊದಲು ಶೀಟಿಗೆ ಇಳಿಸಿ. ಪ್ರೈಸ್ ಅವರದ್ದು ಹೀಗೆ ಬರುತ್ತದೆ:

1893: ಹೌಸ್ ಆಫ್ ಅಸೆಂಬ್ಲಿ, ಸ್ಟರ್ಟ್ ಕ್ಷೇತ್ರ.
1902: ಅದೇ ಸದನ, ಟಾರೆನ್ಸ್ ಕ್ಷೇತ್ರ.
1905 ಜುಲೈ 26: ಮುಖ್ಯಮಂತ್ರಿ.
1909 ಮೇ 31: ಅಧಿಕಾರದಲ್ಲಿದ್ದಾಗಲೇ ನಿಧನ.

ಆಮೇಲೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ‘ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ’ ತೆರೆಯಿರಿ. ಇದೂ ಪುಕ್ಕಟೆ. ಇದರ 7ರಿಂದ 12ನೇ ಸಂಪುಟಗಳು 1891–1939ರ ಕಾಲದವರಿಗೆ ಮೀಸಲು, ನಿಮಗೆ ಬೇಕಾದವರು ಇದ್ದರೆ ಬಹುತೇಕ ಅಲ್ಲೇ ಇರುತ್ತಾರೆ. ಎಲ್ಲ ಶಾಸಕರೂ ಇಲ್ಲ, ಆಯ್ದವರಷ್ಟೇ. ಇದ್ದವರ ಲೇಖನದ ತುದಿಯಲ್ಲಿ ಬರೆದವರ ಹೆಸರೂ ಅವರು ಬಳಸಿದ ಮೂಲಗಳ ಪಟ್ಟಿಯೂ ಇರುತ್ತದೆ. ಲೇಖನಕ್ಕಿಂತ ಆ ಪಟ್ಟಿಯೇ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವ ಪತ್ರಿಕೆಯ ಯಾವ ದಿನದ ಸಂಚಿಕೆ ನೋಡಬೇಕೆಂದು ಅದು ನೇರ ಹೇಳಿಬಿಡುತ್ತದೆ.

ತಾರೀಖಿನಲ್ಲಿ ನಾಲ್ಕಾರು ದಿನದ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಒಂದು ಪಟ್ಟಿ ಮತದಾನದ ದಿನ ಹಾಕುತ್ತದೆ, ಇನ್ನೊಂದು ಫಲಿತಾಂಶ ಘೋಷಣೆಯ ದಿನ ಹಾಕುತ್ತದೆ. ಅವಧಿ ಮಧ್ಯೆ ಕೆಲವು ವಾರದ ತೂತು ಕಂಡರೆ ಅದಕ್ಕೆ ಬೇರೆ ಕಾರಣ. ಪಶ್ಚಿಮ ಆಸ್ಟ್ರೇಲಿಯಾದಂಥ ಕಡೆ ಆಗ ಸಚಿವರಾಗಿ ನೇಮಕವಾದ ಶಾಸಕ ಸ್ಥಾನ ಬಿಟ್ಟು, ತನ್ನ ಕ್ಷೇತ್ರದಲ್ಲೇ ಮತ್ತೆ ಉಪಚುನಾವಣೆಗೆ ನಿಲ್ಲಬೇಕಿತ್ತು. ಇದನ್ನು ‘ಮಿನಿಸ್ಟೀರಿಯಲ್ ಬೈ-ಎಲೆಕ್ಷನ್’ ಎನ್ನುತ್ತಿದ್ದರು. ಸಾಮಾನ್ಯವಾಗಿ ಎದುರಾಳಿಯೇ ಇರುತ್ತಿರಲಿಲ್ಲ. ಆದರೆ 1901ರಲ್ಲಿ ಅಲ್ಲಿನ ಮುಖ್ಯಮಂತ್ರಿ ಆಲ್ಫ್ ಮಾರ್ಗನ್ಸ್ ಅವರ ಹೊಸ ಸಚಿವರಲ್ಲಿ ಕೆಲವರು ಹೀಗೆ ನಿಂತು ಸೋತರು, ಸರ್ಕಾರವೇ ಆ ಡಿಸೆಂಬರ್ ದಾಟಲಿಲ್ಲ. ‘ಅದೇ ತಿಂಗಳು ಬಿಟ್ಟರು, ಅದೇ ತಿಂಗಳು ಸೇರಿದರು’ ಎಂದಿದ್ದರೆ ಅದು ಮುದ್ರಣದೋಷವಲ್ಲ.

ಹಂತ 4: ಕ್ಷೇತ್ರದ ಗಡಿ ಪರಿಶೀಲಿಸಿ

ಪ್ರೈಸ್ 1902ರಲ್ಲಿ ಸ್ಟರ್ಟ್ ಬಿಟ್ಟು ಟಾರೆನ್ಸ್‌ಗೆ ಹೋದರು ಎಂದು ಬರೆದರೆ, ಕ್ಷೇತ್ರ ಬದಲಿಸಿ ಓಡಿದಂತೆ ಕೇಳಿಸುತ್ತದೆ. ನಿಜದಲ್ಲಿ ನಕ್ಷೆ ಬದಲಾಯಿತು. ದಕ್ಷಿಣ ಆಸ್ಟ್ರೇಲಿಯಾ 1902ರಲ್ಲಿ ಕೆಳಮನೆಯ ಸ್ಥಾನಗಳನ್ನು 54ರಿಂದ 42ಕ್ಕೆ ಇಳಿಸಿ, ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿತು. ಒಕ್ಕೂಟ ಬಂದಮೇಲೆ ಇಷ್ಟೊಂದು ಶಾಸಕರನ್ನು ಸಾಕುವುದೇಕೆ ಎಂಬ ಕೂಗು ಎಲ್ಲ ಕಡೆ ಇತ್ತು. ನ್ಯೂ ಸೌತ್ ವೇಲ್ಸ್ 1903ರಲ್ಲಿ ಜನಮತಗಣನೆ ನಡೆಸಿ, 1904ರ ಚುನಾವಣೆಗೆ 125 ಸ್ಥಾನಗಳನ್ನು 90ಕ್ಕೆ ತಂದಿತು. ವಿಕ್ಟೋರಿಯಾ ಅದೇ ವರ್ಷ 95ರಿಂದ 68ಕ್ಕೆ ಇಳಿಯಿತು.

ಹಾಗಾಗಿ 1901–1904ರ ನಡುವೆ ಯಾರಾದರೂ ಕ್ಷೇತ್ರ ಬದಲಿಸಿದಂತೆ ಕಂಡರೆ, ಹಳೆಯ ಕ್ಷೇತ್ರ ಆಮೇಲೂ ಉಳಿದಿತ್ತೇ ಎಂದು ಮೊದಲು ನೋಡಿ. ಉಳಿದಿಲ್ಲವಾದರೆ ‘ಕ್ಷೇತ್ರ ರದ್ದಾದ ಕಾರಣ’ ಎಂದು ಬರೆಯಿರಿ. ಉಳಿದಿದ್ದೂ ಬಿಟ್ಟಿದ್ದರೆ ಅಲ್ಲೊಂದು ಕತೆ ಇದೆ, ಪತ್ರಿಕೆಯಲ್ಲಿ ಹುಡುಕಲು ಯೋಗ್ಯವಾದದ್ದು.

ನಕ್ಷೆಯಲ್ಲಿ ಸಿಗದ ಕ್ಷೇತ್ರಗಳೂ ಇದ್ದವು. 1904ರಲ್ಲಿ ವಿಕ್ಟೋರಿಯಾ ರೈಲ್ವೆ ನೌಕರರಿಗೂ ಸರ್ಕಾರಿ ನೌಕರರಿಗೂ ಪ್ರತ್ಯೇಕ ಸ್ಥಾನ ಮಾಡಿ, ಅವರ ಮತವನ್ನು ಉಳಿದವರಿಂದ ಬೇರೆಯಿಟ್ಟಿತ್ತು. ಈ ಏರ್ಪಾಡು ಹೆಚ್ಚು ಕಾಲ ಬಾಳಲಿಲ್ಲ. ಇನ್ನೊಂದು, ನಾರ್ದರ್ನ್ ಟೆರಿಟರಿ 1911ರ ಜನವರಿ 1ರ ವರೆಗೂ ದಕ್ಷಿಣ ಆಸ್ಟ್ರೇಲಿಯಾದ ಭಾಗವಾಗಿತ್ತು, ಅಡಿಲೇಡ್‌ನ ಕೆಳಮನೆಗೆ ಇಬ್ಬರನ್ನು ಕಳಿಸುತ್ತಿತ್ತು. ಅದನ್ನು ಒಕ್ಕೂಟಕ್ಕೆ ಬಿಟ್ಟುಕೊಡುವ ಒಪ್ಪಂದ 1907ರಲ್ಲಿ ಆದದ್ದು ಪ್ರೈಸ್ ಮತ್ತು ಪ್ರಧಾನಿ ಡೀಕಿನ್ ನಡುವೆಯೇ.

ಹಂತ 5: ಮತಸಂಖ್ಯೆ ಬರೆಯುವಾಗ ಲೆಕ್ಕ ತಪ್ಪಬೇಡಿ

ಫಲಿತಾಂಶಕ್ಕೆ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದ ರಾಜಕೀಯ ಮತ್ತು ಚುನಾವಣಾ ದತ್ತಕೋಶ ಇದೆ, 1890ರಿಂದ ಈಚಿನ ಎಲ್ಲ ರಾಜ್ಯಗಳದ್ದು. ನ್ಯೂ ಸೌತ್ ವೇಲ್ಸ್‌ಗಾದರೆ ಪಾರ್ಲಿಮೆಂಟಿನ ತಾಣದಲ್ಲೇ 1856ರಿಂದ ಕ್ಷೇತ್ರವಾರು ಫಲಿತಾಂಶ ಸಿಗುತ್ತದೆ. ಅಂಕಿ ಸಿಗುವುದು ಸುಲಭ. ಶೇಕಡಾವಾರು ತೆಗೆಯುವಾಗ ಎಡವುತ್ತಾರೆ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆಗ ಬಹುಸದಸ್ಯ ಕ್ಷೇತ್ರಗಳು, ಟಾರೆನ್ಸ್ ಕೂಡ ಅಂಥದ್ದೇ. ಎಷ್ಟು ಸ್ಥಾನವೋ ಅಷ್ಟು ಹೆಸರಿಗೆ ಮತದಾರ ಗುರುತು ಹಾಕಬಹುದಿತ್ತು. ಐದು ಸ್ಥಾನದ ಕ್ಷೇತ್ರದಲ್ಲಿ 10,000 ಜನ ಮತ ಹಾಕಿದರೆ ಅಭ್ಯರ್ಥಿಗಳ ಮತಗಳ ಮೊತ್ತ 50,000ದ ವರೆಗೂ ಹೋಗಬಹುದು. ಒಬ್ಬನಿಗೆ 6,000 ಮತ ಬಂದಿದ್ದರೆ, ಮೊತ್ತದಿಂದ ಭಾಗಿಸಿದರೆ ಶೇ 12, ಮತಪತ್ರಗಳ ಸಂಖ್ಯೆಯಿಂದ ಭಾಗಿಸಿದರೆ ಶೇ 60. ಹತ್ತರಲ್ಲಿ ಆರು ಜನ ಒಪ್ಪಿದ ನಾಯಕನನ್ನು ‘ಶೇ 12 ಮತ ಪಡೆದ’ ಎಂದು ಬರೆದರೆ ಅನ್ಯಾಯ. ಚಲಾಯಿತ ಮತಪತ್ರಗಳ ಸಂಖ್ಯೆ ಸಿಗದಿದ್ದರೆ ಶೇಕಡಾವಾರು ಬಿಟ್ಟು ಮತಸಂಖ್ಯೆಯನ್ನಷ್ಟೇ ಕೊಡಿ.

ಬೇರೆ ರಾಜ್ಯಗಳ ಪದ್ಧತಿ ಬೇರೆ. ಟಾಸ್ಮೇನಿಯಾ 1909ರಿಂದ ರಾಜ್ಯವಿಡೀ ಹೇರ್–ಕ್ಲಾರ್ಕ್ ಎಂಬ ಪ್ರಮಾಣಾನುಗುಣ ಪದ್ಧತಿ ಹಿಡಿಯಿತು. ಪಶ್ಚಿಮ ಆಸ್ಟ್ರೇಲಿಯಾ 1907ರ ಕಾಯ್ದೆಯಿಂದ, ವಿಕ್ಟೋರಿಯಾ 1911ರಿಂದ ಪ್ರಾಶಸ್ತ್ಯ ಮತ ತಂದವು, ಅಂದರೆ 1, 2, 3 ಎಂದು ಕ್ರಮ ಹಾಕುವುದು. ನ್ಯೂ ಸೌತ್ ವೇಲ್ಸ್‌ನಲ್ಲಿ 1910ರಿಂದ ಕೆಲವು ಚುನಾವಣೆಗಳಿಗೆ ‘ಸೆಕೆಂಡ್ ಬ್ಯಾಲಟ್’: ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ದಿನ ಮತದಾನ. ಒಂದೇ ಕ್ಷೇತ್ರಕ್ಕೆ ಎರಡು ತಾರೀಖು, ಎರಡು ಅಂಕಿ ಕಂಡರೆ ಕಾರಣ ಇದು.

ಯಾರು ಮತ ಹಾಕಿದ್ದರು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳುವುದು ಒಳ್ಳೆಯದು. ರಾಜ್ಯದ ಚುನಾವಣೆಗಳಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು ದಕ್ಷಿಣ ಆಸ್ಟ್ರೇಲಿಯಾದಲ್ಲಿ 1894ರ ಕಾಯ್ದೆಯಿಂದ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1899ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ 1902ರಲ್ಲಿ, ಟಾಸ್ಮೇನಿಯಾದಲ್ಲಿ 1903ರಲ್ಲಿ, ಕ್ವೀನ್ಸ್‌ಲ್ಯಾಂಡ್‌ನಲ್ಲಿ 1905ರಲ್ಲಿ, ವಿಕ್ಟೋರಿಯಾದಲ್ಲಿ 1908ರಲ್ಲಿ. ಇನ್ನು ಭಾರತೀಯರು? ಕ್ವೀನ್ಸ್‌ಲ್ಯಾಂಡ್‌ನ 1885ರ ಚುನಾವಣಾ ಕಾಯ್ದೆ ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು, ಭಾರತ, ಚೀನಾ ಮತ್ತು ದಕ್ಷಿಣ ಸಾಗರ ದ್ವೀಪಗಳ ಮೂಲದವರನ್ನು, ಸ್ವಂತ ಜಮೀನಿದ್ದರೆ ಹೊರತು, ಪಟ್ಟಿಗೆ ಸೇರಿಸುತ್ತಿರಲಿಲ್ಲ. 1905ರಲ್ಲಿ ಬಿಳಿಯ ಹೆಂಗಸರಿಗೆ ಬಾಗಿಲು ತೆರೆದ ಹೊತ್ತಿಗೇ ಈ ಜಮೀನಿನ ಕಿಂಡಿಯನ್ನೂ ಮುಚ್ಚಿದರು. ‘ಸಾರ್ವತ್ರಿಕ ಮತದಾನ’ ಎಂಬ ಪದವನ್ನು ಅಲ್ಲಿನ ಹಳೆಯ ಬರಹಗಳಿಂದ ಹಾಗೇ ಎತ್ತಿಕೊಳ್ಳಬೇಡಿ.

ಹಂತ 6: ಈಗ ಪತ್ರಿಕೆಗಳಿಗೆ ಬನ್ನಿ

ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹಳೆಯ ಪತ್ರಿಕೆಗಳ ಪುಟಗಳು ಚಿತ್ರರೂಪದಲ್ಲಿವೆ, ಪಕ್ಕದಲ್ಲಿ ಯಂತ್ರ ಓದಿದ ಪಠ್ಯವಿದೆ. ಖಾತೆ ಇಲ್ಲದೆಯೂ ಓದಬಹುದು. ಹೆಚ್ಚಿನ ಪತ್ರಿಕೆಗಳು 1954ರ ವರೆಗೆ ಸಿಗುತ್ತವೆ.

ಪ್ರೈಸ್ ಅವರ ಕುಲನಾಮವನ್ನಷ್ಟೇ ಇಲ್ಲಿ ಟೈಪಿಸಿ ನೋಡಿ. ಉಣ್ಣೆಯ ಬೆಲೆ, ಗೋಧಿಯ ಬೆಲೆ, ಕುರಿಯ ಬೆಲೆ, ಟೋಪಿಯ ಜಾಹೀರಾತು, ಲಕ್ಷಗಟ್ಟಲೆ ಬಂದು ಬೀಳುತ್ತದೆ. ‘ಟಾಮ್ ಪ್ರೈಸ್’ ಎಂದು ಹಾಕಿ ಸಾಮಾನ್ಯ ಸರ್ಚ್ ಎಂಜಿನ್‌ನಲ್ಲಿ ಹುಡುಕಿದರೆ ಪಶ್ಚಿಮ ಆಸ್ಟ್ರೇಲಿಯಾದ ಒಂದು ಗಣಿ ಪಟ್ಟಣ ಬರುತ್ತದೆ, ಅದು ಕೈಸರ್ ಸ್ಟೀಲ್‌ನ ಥಾಮಸ್ ಮೂರ್ ಪ್ರೈಸ್ ಎಂಬ ಅಮೆರಿಕನ್ನನ ಹೆಸರು. 1915ರ ನಂತರದ ಅಡಿಲೇಡ್ ಪತ್ರಿಕೆಯಲ್ಲಿ ಪಾರ್ಲಿಮೆಂಟಿನ ‘ಮಿಸ್ಟರ್ ಪ್ರೈಸ್’ ಕಂಡರೆ ಅದು ನಮ್ಮವರ ಮಗ ಜಾನ್ ಲಾಯ್ಡ್ ಪ್ರೈಸ್, ಪೋರ್ಟ್ ಅಡಿಲೇಡ್ ಶಾಸಕ. ಅಪ್ಪ ತೀರಿ ಆಗಲೇ ಆರು ವರ್ಷ.

ಆದ್ದರಿಂದ ಹುಡುಕುವ ರೀತಿ ಹೀಗಿರಲಿ:

ಅ) ಮೂರನೆಯ ಹಂತದ ತಾರೀಖುಗಳನ್ನು ಮೊದಲು ಹಾಕಿ, ಆ ಕಿಟಕಿಯ ಹೊರಗಿನದನ್ನು ತೆಗೆದುಬಿಡಿ.

ಆ) ರಾಜ್ಯವನ್ನು ಆರಿಸಿ, ಆಮೇಲೆ ಒಂದೆರಡು ಪತ್ರಿಕೆಯನ್ನಷ್ಟೇ ಆರಿಸಿ. ಅಡಿಲೇಡ್‌ಗೆ ‘ಅಡ್ವರ್ಟೈಸರ್’, ‘ರಿಜಿಸ್ಟರ್’. ಮೆಲ್ಬರ್ನ್‌ಗೆ ‘ಏಜ್’, ‘ಆರ್ಗಸ್’. ಸಿಡ್ನಿಗೆ ‘ಸಿಡ್ನಿ ಮಾರ್ನಿಂಗ್ ಹೆರಾಲ್ಡ್’. ಪರ್ತ್‌ಗೆ ‘ವೆಸ್ಟ್ ಆಸ್ಟ್ರೇಲಿಯನ್’.

ಇ) ವರ್ಗದಲ್ಲಿ ‘ಆರ್ಟಿಕಲ್’ ಆರಿಸಿ, ಜಾಹೀರಾತು ತೆಗೆಯಿರಿ. ಮದುವೆ, ಮರಣದ ಪ್ರಕಟಣೆ ಬೇಕಾದಾಗ ‘ಫ್ಯಾಮಿಲಿ ನೋಟಿಸಸ್’ ವರ್ಗ.

ಈ) ಹೆಸರು ಮತ್ತು ಕ್ಷೇತ್ರ ಎರಡನ್ನೂ ಹಾಕಿ, ಪೂರ್ಣ ಪದಗುಚ್ಛಕ್ಕೆ ಉದ್ಧರಣ ಚಿಹ್ನೆ ಬಳಸಿ. ಆ ಕಾಲದ ವರದಿಗಾರರು ಮೊದಲ ಹೆಸರು ಬರೆಯುವುದೇ ಅಪರೂಪ. ‘ಮಿಸ್ಟರ್’ ಮತ್ತು ಕುಲನಾಮ, ಅಥವಾ ಇನಿಷಿಯಲ್ ಜೊತೆ ಕುಲನಾಮ, ಅಥವಾ ‘ಮೆಂಬರ್ ಫಾರ್’ ಎಂದು ಕ್ಷೇತ್ರದ ಹೆಸರು.

ಯಂತ್ರ ಓದಿದ ಪಠ್ಯದಲ್ಲಿ ತಪ್ಪು ಹೇರಳ. ಇಂಗ್ಲಿಷಿನ ‘ಐ’ ಅಕ್ಷರ ‘ಎಲ್’ ಆಗಿರುತ್ತದೆ, ‘ಇ’ ಹೋಗಿ ‘ಸಿ’ ಅಥವಾ ‘ಒ’ ಆಗಿರುತ್ತದೆ. ಇರಲೇಬೇಕಾದ ಸುದ್ದಿ ಸಿಗದಿದ್ದರೆ ಇಂಥ ತಪ್ಪು ಕಾಗುಣಿತದಲ್ಲೇ ಹುಡುಕಿ, ಇಲ್ಲವೇ ಆ ದಿನದ ಸಂಚಿಕೆ ತೆರೆದು ಪುಟ ಪುಟ ತಿರುವಿ. ಉಲ್ಲೇಖಿಸುವ ಮುನ್ನ ಪಕ್ಕದ ಚಿತ್ರದಲ್ಲಿ ಕಣ್ಣಾರೆ ಓದಲೇಬೇಕು, ಅದರಲ್ಲೂ ಅಂಕಿಗಳನ್ನು.

ಪತ್ರಿಕೆಗಳ ಪಕ್ಷಪಾತಕ್ಕೆ ಸಂಕೋಚವಿರಲಿಲ್ಲ. ದೊಡ್ಡ ದಿನಪತ್ರಿಕೆಗಳು ಲೇಬರ್ ಶಾಸಕರನ್ನು ಕಾಣುತ್ತಿದ್ದ ರೀತಿ ಬೇರೆ, ಕಾರ್ಮಿಕ ಚಳವಳಿಯ ಪತ್ರಿಕೆಗಳದ್ದು ಬೇರೆ. ಅಡಿಲೇಡ್‌ನ ‘ಹೆರಾಲ್ಡ್’, ಬ್ರಿಸ್ಬೇನ್‌ನ ‘ವರ್ಕರ್’, ಕಲ್‌ಗೂರ್ಲಿಯಲ್ಲಿ ಶುರುವಾದ ‘ವೆಸ್ಟ್ರೇಲಿಯನ್ ವರ್ಕರ್’ ಇಂಥವು. ಒಂದೇ ಸಭೆಯ ವರದಿಯನ್ನು ಎರಡರಲ್ಲೂ ಓದಿ. ಒಂದರಲ್ಲಿ ‘ಗದ್ದಲ’ ಎಂದಿದ್ದು ಇನ್ನೊಂದರಲ್ಲಿ ‘ಕರತಾಡನ’ ಆಗಿರುತ್ತದೆ. ವ್ಯಕ್ತಿಚಿತ್ರ ಬೇಕಿದ್ದರೆ ಮೆಲ್ಬರ್ನ್ ‘ಪಂಚ್’ ವಾರಪತ್ರಿಕೆಯ ‘ಪೀಪಲ್ ವೀ ನೋ’ ಅಂಕಣ ಸೊಗಸು, ಆದರೆ ಅದರ ಸೊಗಸೇ ಅದರ ಅಪಾಯ.

ಮಹಿಳೆಯರ ಹೆಸರಿನಲ್ಲಿ ಇನ್ನೊಂದು ತೊಡಕು. ಆಸ್ಟ್ರೇಲಿಯಾದ ಯಾವುದೇ ಪಾರ್ಲಿಮೆಂಟಿಗೆ ಆಯ್ಕೆಯಾದ ಮೊದಲ ಮಹಿಳೆ ಎಡಿತ್ ಕೋವನ್, 1921ರಲ್ಲಿ ವೆಸ್ಟ್ ಪರ್ತ್‌ನಿಂದ. ಅವರು ಸೋಲಿಸಿದ್ದು ಅಟಾರ್ನಿ ಜನರಲ್ ಥಾಮಸ್ ಡ್ರೇಪರ್ ಅವರನ್ನು. ಮಹಿಳೆಯರು ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟ ಮಸೂದೆ ಮಂಡಿಸಿದವರೂ ಈ ಡ್ರೇಪರ್ ಅವರೇ! ‘ಎಡಿತ್ ಕೋವನ್’ ಎಂದು ಹುಡುಕಿದರೆ ಇಂದು ಅವರ ಹೆಸರಿನ ವಿಶ್ವವಿದ್ಯಾಲಯವೇ ಮುಂದೆ ಬಂದು ನಿಲ್ಲುತ್ತದೆ. ಅಂದಿನ ಪತ್ರಿಕೆಗಳಲ್ಲಿ ಅವರು ‘ಮಿಸೆಸ್ ಕೋವನ್’ ಅಥವಾ ಗಂಡನ ಹೆಸರಿನಲ್ಲಿ ‘ಮಿಸೆಸ್ ಜೇಮ್ಸ್ ಕೋವನ್’.

ಹಂತ 7: ಸದನದಲ್ಲಿ ಏನು ಮಾಡಿದರು?

‘ಹ್ಯಾನ್ಸಾರ್ಡ್’ ಅಂದರೆ ಸದನದ ಚರ್ಚೆಯ ಅಧಿಕೃತ ವರದಿ. ‘ವೋಟ್ಸ್ ಅಂಡ್ ಪ್ರೊಸೀಡಿಂಗ್ಸ್’ ಅಂದರೆ ಭಾಷಣವಿಲ್ಲದ ಕಲಾಪ ಪಟ್ಟಿ: ಯಾವ ಗೊತ್ತುವಳಿ ಬಂತು, ಯಾರು ಪರ, ಯಾರು ವಿರೋಧ. ಭಾಷಣ ಬೇಕಾದರೆ ಮೊದಲನೆಯದು, ಮತ ಹೇಗೆ ಹಾಕಿದರು ಎಂದು ಬೇಕಾದರೆ ಎರಡನೆಯದು.

ಹ್ಯಾನ್ಸಾರ್ಡ್ ಸಂಪುಟವನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. ಪ್ರತಿ ಅಧಿವೇಶನಕ್ಕೂ ಸೂಚಿ ಇರುತ್ತದೆ, ಸದಸ್ಯರ ಹೆಸರಿನ ಕೆಳಗೆ ಅವರು ಮಾತಾಡಿದ ವಿಷಯ, ಪುಟಸಂಖ್ಯೆ ಸಿಗುತ್ತದೆ. ಹಳೆಯ ಸಂಪುಟಗಳಲ್ಲಿ ಎಷ್ಟೋ ಭಾಷಣಗಳು ‘ಅವರು ಹೀಗೆ ಹೇಳಿದರು’ ಎಂಬ ಸಂಗ್ರಹರೂಪದಲ್ಲಿವೆ. ಅಂಥದ್ದನ್ನು ಶಾಸಕರ ಬಾಯಿಮಾತೆಂದು ಉದ್ಧರಣ ಚಿಹ್ನೆಯೊಳಗೆ ಹಾಕಬಾರದು. ಮತವಿಭಜನೆಯ ಪಟ್ಟಿಯಲ್ಲಿ ‘ಪೇರ್’ ಎಂದು ಎರಡು ಹೆಸರು ಜೋಡಿಯಾಗಿದ್ದರೆ, ಪರ ಇರುವವರೊಬ್ಬರೂ ವಿರೋಧ ಇರುವವರೊಬ್ಬರೂ ಒಪ್ಪಂದ ಮಾಡಿಕೊಂಡು ಮತದಿಂದ ಹೊರಗುಳಿದಿದ್ದಾರೆ ಎಂದರ್ಥ. ಗೈರುಹಾಜರಿ ಎಂದು ಟೀಕಿಸುವ ಮುನ್ನ ಇದನ್ನು ನೋಡಿ.

ಟಾಸ್ಮೇನಿಯಾದವರನ್ನು ಹುಡುಕುತ್ತಿದ್ದರೆ ಈ ದಾರಿ ಇಲ್ಲ. ಆ ಕಾಲದಲ್ಲಿ ಅಲ್ಲಿ ಹ್ಯಾನ್ಸಾರ್ಡ್ ಇರಲೇ ಇಲ್ಲ, ಅದು ಬಂದದ್ದು 1970ರ ದಶಕದ ಕೊನೆಗೆ. ಹೊಬಾರ್ಟ್‌ನ ‘ಮರ್ಕ್ಯುರಿ’ ಮತ್ತು ಲಾನ್ಸೆಸ್ಟನ್‌ನ ‘ಎಕ್ಸಾಮಿನರ್’ ಪತ್ರಿಕೆಗಳ ಕಲಾಪ ವರದಿಯೇ ಗತಿ.

ಭಾರತೀಯ ವಲಸಿಗರ ಬಗ್ಗೆ ಶಾಸಕರು ಏನಂದರು ಎಂದು ತಿಳಿಯಬೇಕಾದವರಿಗೆ ಒಂದು ಸೂಚನೆ. ‘ಇಂಡಿಯನ್’ ಎಂದು ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಸಿಖ್ಖರಿರಲಿ, ಮುಸ್ಲಿಮರಿರಲಿ, ಎಲ್ಲರನ್ನೂ ‘ಹಿಂದೂ’ ಎನ್ನುತ್ತಿದ್ದರು, ಕೊನೆಗೆ ಎರಡು ‘ಒ’ ಬರುವ ಹಳೆಯ ಕಾಗುಣಿತದಲ್ಲಿ. ಒಂಟೆ ನಡೆಸುವವರನ್ನು, ಪಂಜಾಬ್ ಸಿಂಧ್ ಕಡೆಯವರಾದರೂ, ‘ಅಫ್ಘನ್’ ಎನ್ನುತ್ತಿದ್ದರು. ತಲೆಹೊರೆ ವ್ಯಾಪಾರಿಗಳ ಲೈಸೆನ್ಸಿನ ಚರ್ಚೆಗಳಿಗೆ ‘ಹಾಕರ್’ ಎಂಬ ಪದ ಹಾಕಿ ನೋಡಿ.

ಸಂಬಳ, ಬಜೆಟ್ಟಿನ ಅಂಕಿ ಎಲ್ಲ ಪೌಂಡಿನಲ್ಲಿರುತ್ತದೆ. 1 ಪೌಂಡಿಗೆ 20 ಷಿಲಿಂಗ್, 1 ಷಿಲಿಂಗಿಗೆ 12 ಪೆನ್ಸ್. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶಾಸಕರಿಗೆ ವರ್ಷಕ್ಕೆ 200 ಪೌಂಡ್ ಕೊಡುವ ಪದ್ಧತಿ 1887ರಲ್ಲಿ ಶುರುವಾಯಿತು, ಕಲ್ಲುಕುಟಿಗನೊಬ್ಬ ಸದನಕ್ಕೆ ಬರಲು ಸಾಧ್ಯವಾದದ್ದು ಇದರಿಂದಲೇ. ಇಂದಿನ ರೂಪಾಯಿಗೆ ಪರಿವರ್ತಿಸಿ ಬರೆಯಬೇಡಿ. ಅದೇ ವರ್ಷದ ಕೂಲಿ ಎಷ್ಟಿತ್ತು ಎಂದು ಪಕ್ಕದಲ್ಲಿಡಿ.

ಹಂತ 8: ಪಕ್ಷದ ಹೆಸರು

1910ಕ್ಕೆ ಮೊದಲು ಲೇಬರ್ ಬಿಟ್ಟರೆ ಉಳಿದವು ಸಡಿಲ ಗುಂಪುಗಳು. ‘ಮಿನಿಸ್ಟೀರಿಯಲಿಸ್ಟ್’ ಅಂದರೆ ಸರ್ಕಾರದ ಕಡೆಯವನು, ‘ಆಪೊಸಿಷನಿಸ್ಟ್’ ಅಂದರೆ ಎದುರಿನವನು. ಸರ್ಕಾರ ಬಿದ್ದರೆ ಹಣೆಪಟ್ಟಿಯೂ ಅದಲುಬದಲು. ಇವನ್ನು ಪಕ್ಷ ಎಂದು ಬರೆಯಬೇಡಿ. ಲೇಬರ್ ಕೂಡ ರಾಜ್ಯಕ್ಕೊಂದು ಹೆಸರಿನಲ್ಲಿತ್ತು, ಪ್ರೈಸ್ ಅವರದ್ದು ‘ಯುನೈಟೆಡ್ ಲೇಬರ್ ಪಾರ್ಟಿ’. ಇಂಗ್ಲಿಷ್ ಕಾಗುಣಿತದಲ್ಲಿ ‘ಯು’ ಇದ್ದೂ ಇಲ್ಲದೆಯೂ ಬರೆಯುತ್ತಿದ್ದರು, ಎರಡರಲ್ಲೂ ಹುಡುಕಿ. 1905ರ ಪ್ರೈಸ್ ಸರ್ಕಾರವನ್ನು ‘ಲೇಬರ್ ಸರ್ಕಾರ’ ಎಂದಷ್ಟೇ ಬರೆದರೂ ಪೂರ್ತಿ ಸರಿಯಲ್ಲ. ಅದು ಆರ್ಚಿಬಾಲ್ಡ್ ಪೀಕ್ ಅವರ ಲಿಬರಲ್‌ಗಳ ಜೊತೆಗಿನ ಸಮ್ಮಿಶ್ರ. ರಾಜ್ಯದಲ್ಲಿ ಲೇಬರ್ ಸ್ವಂತ ಬಲದ ಮೇಲೆ ಬಂದದ್ದು 1910ರಲ್ಲಿ, ಜಾನ್ ವೆರನ್ ಕಾಲಕ್ಕೆ.

1916–17 ದಾಟಿದ ಶಾಸಕರಾದರೆ ಕಡ್ಡಾಯ ಸೇನಾಭರ್ತಿಯ ವಿಷಯದಲ್ಲಿ ಲೇಬರ್ ಒಡೆದದ್ದನ್ನು ಗಮನಿಸಿ. ನ್ಯೂ ಸೌತ್ ವೇಲ್ಸ್ ಮುಖ್ಯಮಂತ್ರಿ ಹೋಲ್ಮನ್ ಅವರಂಥವರೇ ಪಕ್ಷದಿಂದ ಹೊರಬಿದ್ದರು. ಒಂದೇ ಅವಧಿಯಲ್ಲಿ ಎರಡು ಪಕ್ಷ ಬರೆಯಬೇಕಾಗುತ್ತದೆ.

ಹಂತ 9: ಹುಟ್ಟು, ಸಾವು, ಮತ್ತು ಅವರೇ ಹೇಳಿಕೊಂಡ ಕತೆ

ಜನನ, ಮದುವೆ, ಮರಣದ ದಾಖಲೆ ರಾಜ್ಯವಾರು. ಸೂಚಿಯನ್ನು ಅಂತರ್ಜಾಲದಲ್ಲಿ ನೋಡಬಹುದು, ಪ್ರಮಾಣಪತ್ರದ ಪ್ರತಿಗೆ ಸಾಮಾನ್ಯವಾಗಿ ಶುಲ್ಕ. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನ ಮರಣಪತ್ರದಲ್ಲಿ ತಂದೆತಾಯಿ, ಹುಟ್ಟೂರು, ಮಕ್ಕಳ ಹೆಸರು ಸಿಗುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಹಳೆಯ ಮರಣಪತ್ರದಲ್ಲಿ ಅಷ್ಟೆಲ್ಲ ಇರುವುದಿಲ್ಲ, ದುಡ್ಡು ಕೊಡುವ ಮುನ್ನ ಯೋಚಿಸಿ. ಹೊರದೇಶದಲ್ಲಿ ಹುಟ್ಟಿದವರಿಗೆ ಆಯಾ ದೇಶದ ದಾಖಲೆಯೇ ಆಗಬೇಕು.

ಪತ್ರಿಕೆಯ ಶ್ರದ್ಧಾಂಜಲಿಯನ್ನು ಅರ್ಧ ನಂಬಿ. ಮನೆಯವರು ಹೇಳಿದ್ದನ್ನೇ ಬರೆದಿರುತ್ತಾರೆ. ಶಾಸಕರೇ ತಮ್ಮ ಮೂಲ ಮುಚ್ಚಿಟ್ಟದ್ದೂ ಉಂಟು. ಕ್ರಿಸ್ ವಾಟ್ಸನ್ ತಮ್ಮ ತಂದೆ ಬ್ರಿಟಿಷರೆಂದೇ ಹೇಳಿಕೊಂಡು ಬಂದರು. ಅವರು ಹುಟ್ಟಿದ್ದು ಚಿಲಿಯ ವಾಲ್‌ಪರೈಸೊದಲ್ಲಿ, ಹೆತ್ತ ತಂದೆ ಯೋಹಾನ್ ಕ್ರಿಸ್ಟಿಯನ್ ಟಾಂಕ್ ಎಂಬ ಜರ್ಮನ್ ಮೂಲದ ನಾವಿಕ. ವಾಟ್ಸನ್ ಎಂಬುದು ಮಲತಂದೆಯ ಹೆಸರು. 1896ರಿಂದ 1899ರ ವರೆಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶಾಸಕರಾಗಿದ್ದ ಕಿಂಗ್ ಓಮ್ಯಾಲಿ ತಾನು ಕೆನಡಾದಲ್ಲಿ ಹುಟ್ಟಿದವನು ಎನ್ನುತ್ತಿದ್ದರು, ಅಮೆರಿಕದಲ್ಲಿ ಹುಟ್ಟಿದ್ದಿರಬೇಕು ಎನ್ನಲು ಕಾರಣಗಳಿವೆ. ಬ್ರಿಟಿಷ್ ಪ್ರಜೆಯಾಗಿರದಿದ್ದರೆ ಸದನಕ್ಕೆ ಬರುವಂತಿರಲಿಲ್ಲ, ಸುಳ್ಳು ಹೇಳಲು ಅದೊಂದೇ ಕಾರಣ ಸಾಕಿತ್ತು. ಇಂಥ ಕಡೆ ‘ಅವರ ಹೇಳಿಕೆಯ ಪ್ರಕಾರ’ ಎಂದು ಬರೆದು, ದಾಖಲೆ ಏನನ್ನುತ್ತದೆ ಎಂಬುದನ್ನು ಬೇರೆ ವಾಕ್ಯದಲ್ಲಿಡಿ.

ಹಂತ 10: ಫೋಟೊ

ಆಯಾ ರಾಜ್ಯದ ಸ್ಟೇಟ್ ಲೈಬ್ರರಿಯ ಕ್ಯಾಟಲಾಗಿನಲ್ಲಿ ಹುಡುಕಿ. ಒಬ್ಬೊಬ್ಬರ ಫೋಟೊ ಸಿಗದಿದ್ದರೆ ಇಡೀ ಸದನದ ಸದಸ್ಯರ ಮುಖಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿದ ಚಿತ್ರ ಇರುತ್ತದೆ, ಕೆಳಗಿನ ಹೆಸರಿನ ಕ್ರಮವನ್ನು ಎರಡು ಸಲ ಎಣಿಸಿ ನೋಡಿ ಕತ್ತರಿಸಿಕೊಳ್ಳಿ. 1955ಕ್ಕೆ ಮೊದಲು ತೆಗೆದ ಫೋಟೊಗಳಿಗೆ ಆಸ್ಟ್ರೇಲಿಯಾದಲ್ಲಿ ಈಗ ಕೃತಿಸ್ವಾಮ್ಯವಿಲ್ಲ. ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವುದಾದರೆ ಅಮೆರಿಕದ ನಿಯಮವನ್ನೂ ದಾಟಬೇಕು, ಅಲ್ಲಿ ತೆಗೆದ ವರ್ಷಕ್ಕಿಂತ ಪ್ರಕಟವಾದ ವರ್ಷ ಮುಖ್ಯ. ಹಾಗಾಗಿ ಆ ಫೋಟೊ ಅಚ್ಚಾದ ಪತ್ರಿಕೆ, ತಾರೀಖು, ಪುಟಸಂಖ್ಯೆಯನ್ನು ವಿವರಣೆಯಲ್ಲಿ ಸೇರಿಸಿ. ಇಲ್ಲದಿದ್ದರೆ ಅಳಿಸಿಹಾಕುತ್ತಾರೆ.